‘ಬೇಕು’ ಅನ್ನುವುದನ್ನು ಕಲಿಸುವ ಬಗೆ

ಎರಡು ವರ್ಷದ ಮಗು. ಹೆಸರು ಕೂಗಿದರೆ ತಿರುಗುವುದಿಲ್ಲ, ಬೆರಳು ಮಾಡಿ ಏನನ್ನೂ ತೋರಿಸುವುದಿಲ್ಲ. ಬಿಸ್ಕತ್ತು ಬೇಕಾದರೆ ಅಮ್ಮನ ಕೈ ಎಳೆದು ಡಬ್ಬಿಯ ಮೇಲಿಡುತ್ತದೆ, ಮುಖ ಮಾತ್ರ ನೋಡುವುದಿಲ್ಲ. ಮಾತು, ಒಡನಾಟ ಬೇರೆ ಬಗೆಯಲ್ಲಿ ಬೆಳೆಯುವ ಆಟಿಸಂನ (ಸ್ವಲೀನತೆಯ) ಲಕ್ಷಣ ಇವಾಗಿರಬಹುದು. ಮೈಸೂರು, ಮಂಡ್ಯದ ಮನೆಗಳಲ್ಲಿ ಇದಕ್ಕೆ ಮೊದಲು ಬರುವ ಮಾತು, ‘ಅವರಪ್ಪನೂ ಲೇಟಾಗೇ ಮಾತಾಡಿದ್ದು’. ಆಮೇಲೆ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಹೀಗೆ ತಿಂಗಳುಗಟ್ಟಲೆ ಕಾಯಬೇಡಿ. ಕಿವಿ ಕೇಳಿಸದ ಮಗುವೂ ಹೆಸರಿಗೆ ತಿರುಗುವುದಿಲ್ಲ, ಹಾಗಾಗಿ ಮೊದಲು ಶ್ರವಣ ಪರೀಕ್ಷೆ ಆಗಲಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಕಿವಿ, ಮಾತು ಎರಡನ್ನೂ ಅಲ್ಲೇ ನೋಡುತ್ತಾರೆ.

ಥೆರಪಿ ಶುರುವಾದರೆ ಬಹಳ ಪೋಷಕರು ಬಣ್ಣ, ಎಬಿಸಿಡಿ ಕಲಿಸಿ ಅನ್ನುತ್ತಾರೆ. ಅವು ಕಾಯಬಹುದು. ಮೊದಲು ಕಲಿಸಬೇಕಾದ್ದು ತನಗೆ ಬೇಕಾದ್ದನ್ನು ಕೇಳುವುದನ್ನು. ತಲೆ ಚಚ್ಚಿಕೊಳ್ಳುವುದು, ಕಚ್ಚುವುದು ಎಷ್ಟೋ ಸಲ ಕೇಳುವ ದಾರಿ ಸಿಗದೆ ಬರುವಂಥವು.

ಅಮೆರಿಕದ ಬಾಂಡಿ ಮತ್ತು ಫ್ರಾಸ್ಟ್ 1985ರಲ್ಲಿ ರೂಪಿಸಿದ ಪೆಕ್ಸ್ (ಚಿತ್ರದ ಕಾರ್ಡು ಕೊಟ್ಟು ಬೇಕಾದ್ದನ್ನು ಕೇಳುವ) ಪದ್ಧತಿಯ ಮೊದಲ ಹೆಜ್ಜೆ ಇದಕ್ಕೆ ಸರಿ. ನೀವು ತರುವ ಬಿಸ್ಕತ್ತಿನದ್ದೇ ಫೋಟೊ ತೆಗೆದು, ಎರಡಿಂಚು ಚೌಕಕ್ಕೆ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿ. ಕೂರುವುದು ಇಬ್ಬರು: ಅಮ್ಮ ಬಿಸ್ಕತ್ತು ಹಿಡಿದು ಎದುರಿಗೆ, ಅಜ್ಜಿಯೋ ಅಪ್ಪನೋ ಮಗುವಿನ ಬೆನ್ನ ಹಿಂದೆ. ನಡುವೆ ಕಾರ್ಡು. ಮಗು ಬಿಸ್ಕತ್ತಿಗೆ ಕೈ ಚಾಚಿದ ಕೂಡಲೇ ಹಿಂದಿನವರು ಆ ಕೈಯನ್ನು ಮೆಲ್ಲಗೆ ಕಾರ್ಡಿಗೆ ತಂದು, ಎತ್ತಿಸಿ, ಅಮ್ಮನ ಅಂಗೈಗೆ ಹಾಕಿಸಬೇಕು. ಅಮ್ಮ ಆ ಗಳಿಗೆಯಲ್ಲೇ ‘ಬಿಸ್ಕತ್ತು’ ಎಂದು ಒಂದೇ ಸಲ ಹೇಳಿ ಚೂರು ಕೊಡಬೇಕು. ಉಗುರಿನಷ್ಟು ಚೂರು ಸಾಕು, ಇಡೀ ಬಿಸ್ಕತ್ತು ಕೊಟ್ಟರೆ ಮತ್ತೆ ಕೇಳುವ ಆಸೆಯೇ ಇರುವುದಿಲ್ಲ. ಕಡಲೆಕಾಯಿ ಬೀಜ, ಹುರಿಗಡಲೆ ಈ ವಯಸ್ಸಿಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ತಿಂಡಿ ಹಿಡಿಸದ ಮಗುವಿಗೆ ಸೋಪಿನ ಗುಳ್ಳೆ ಊದಿ.

ಹಿಂದೆ ಕೂತವರು ಬಾಯಿ ಬಿಡಬಾರದು. ಎದುರಿನವರೂ ‘ಏನ್ ಬೇಕು? ಕಾರ್ಡ್ ಕೊಡು’ ಅನ್ನಬಾರದು. ಅಂದರೆ ಮಗು ನಿಮ್ಮ ಪ್ರಶ್ನೆಗೆ ಕಾಯುವುದನ್ನು ಕಲಿಯುತ್ತದೆ, ತಾನಾಗಿ ಕೇಳುವುದನ್ನಲ್ಲ. ಮನೆಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಒಂದು ಹೊತ್ತಿಗೆ 10 ಸಲ, ದಿನಕ್ಕೆ ಎರಡು ಮೂರು ಹೊತ್ತು. ನೋಟ್‌ಬುಕ್ಕಿನಲ್ಲಿ ತಾನೇ ಕೊಟ್ಟದ್ದಕ್ಕೆ ಕೂಡು ಗುರುತು, ಸಹಾಯದಿಂದ ಕೊಟ್ಟದ್ದಕ್ಕೆ ‘ಸ’. ಸಹಾಯವನ್ನು ಅಂಗೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಇಳಿಸುತ್ತಾ ಬನ್ನಿ. ಎರಡು ದಿನ 10ಕ್ಕೆ 8 ಸಲ ತಾನೇ ಕೊಟ್ಟರೆ ಹಿಂದಿನವರು ಎದ್ದುಹೋಗಬಹುದು, ಅಮ್ಮ ಒಂದಡಿ ಹಿಂದೆ ಸರಿಯಬಹುದು. ಮೂರು ದಿನವಾದರೂ ಬರೀ ‘ಸ’ ಬಂದರೆ ಮಗುವನ್ನು ದೂರಬೇಡಿ. ಆಗಷ್ಟೇ ಊಟವಾಗಿತ್ತೇ, ಬಿಸ್ಕತ್ತು ನಿಜಕ್ಕೂ ಇಷ್ಟವೇ, ಸಹಾಯ ಇಳಿಸುವುದನ್ನೇ ಮರೆತಿರೇ, ನೋಡಿಕೊಳ್ಳಿ.

ಕಾರ್ಡು ಕೊಟ್ಟರೆ ಮಾತು ನಿಂತುಹೋಗುತ್ತದೆ ಅನ್ನುವ ಭಯಕ್ಕೆ ಆಧಾರವಿಲ್ಲ. ಮನೆಯ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿ ಎಂಬ ಸಲಹೆಗೂ ಇಲ್ಲ. ಆದರೆ ಒಂದು ವಸ್ತುವಿಗೆ ಮನೆಮಂದಿಯೆಲ್ಲ ಮೊದಮೊದಲು ಒಂದೇ ಪದ ಬಳಸಿದರೆ ಒಳ್ಳೆಯದು.

ಥೆರಪಿ ‘ವಾರಕ್ಕೆ 40 ಗಂಟೆ’ ಬೇಕು ಎಂಬ ಲೆಕ್ಕ ಕೇಳಿ ಹಲವರು ಕಂಗಾಲಾಗುತ್ತಾರೆ. ಅದು ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ 1987ರಲ್ಲಿ ಪ್ರಕಟಿಸಿದ, 19 ಮಕ್ಕಳಿಗೆ ಅಷ್ಟು ಹೊತ್ತು ಕಲಿಸಿದ ಅಧ್ಯಯನದಿಂದ ಬಂದದ್ದು. ತೊಡೆಗೆ ಏಟು ಕೊಡುವುದೂ ಅದರಲ್ಲಿತ್ತು. ಇಂದು ಯಾವ ಸೆಂಟರ್‌ನಲ್ಲಾದರೂ ಹೊಡೆದರೆ, ಗದರಿಸಿ ಕೂರಿಸಿದರೆ, ಮಗುವನ್ನು ಎತ್ತಿಕೊಂಡು ಬಂದುಬಿಡಿ. ಬಾಗಿಲು ಹಾಕಿ ಪೋಷಕರನ್ನು ಒಳಗೆ ಬಿಡದ ಕಡೆಯೂ ಬೇಡ. ಖುಷಿಯಾದಾಗ ಕೈ ಅಲ್ಲಾಡಿಸುವುದನ್ನು ಬಿಡಿಸಲು ಹೋಗಬೇಡಿ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಕಾರ್ಡು ಎರಡು ಪ್ರತಿ ಇರಲಿ. ಮದುವೆಗೋ ಊರಹಬ್ಬಕ್ಕೋ ಹೊರಟಾಗ ಅದು ಫ್ರಿಜ್ಜಿನ ಮೇಲೇ ಉಳಿದುಬಿಡುತ್ತದೆ, ಛತ್ರದ ಗದ್ದಲದಲ್ಲಿ ಮಗುವಿಗೆ ನೀರು ಕೇಳುವುದಕ್ಕೂ ದಾರಿಯಿರುವುದಿಲ್ಲ. ಒಂದು ಪ್ರತಿ ದಾರ ಕಟ್ಟಿ ಬ್ಯಾಗಿನಲ್ಲೇ ಇಟ್ಟಿರಿ.