ಮಗುಚಿದರೂ ಮುಳುಗದ ದೋಣಿ

ಹೊನೊಲುಲು ಬಂದರಿನ ಹತ್ತಿರ ಒಂದು ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ಲೈಫ್‌ರಾಫ್ಟ್, ಲೈಫ್ ಜಾಕೆಟ್, ಈಪರ್ಬ್ ಇವುಗಳ ಸರ್ವೀಸ್ ಮಾಡುತ್ತೇವೆ. ಈಪರ್ಬ್ ಅಂದರೆ ಅಪಾಯದಲ್ಲಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಿಗ್ನಲ್ ಕಳಿಸುವ ಹಳದಿ ಡಬ್ಬಿ. ಬರುವವರೆಲ್ಲ ಹೆಚ್ಚಾಗಿ ಮೀನುಗಾರಿಕೆ ಬೋಟು, ಟಗ್‌ನವರು. ಬ್ಯಾಟರಿ ತಾರೀಖು ನೋಡು, ಬ್ರಾಕೆಟ್ ಕೂರಿಸು, ಸೀಲ್ ಒತ್ತು, ಸಹಿ ಹಾಕು. ನಿದ್ದೆಗಣ್ಣಲ್ಲೂ ಮಾಡಬಹುದು.

ಕೆಲವು ವರ್ಷಗಳ ಹಿಂದೆ ಒಂದು ವಅ ಬಂತು. ಹವಾಯಿಯವರು ತಮ್ಮ ಹಾಯಿದೋಣಿಗೆ ಹಾಗೆ ಅನ್ನುತ್ತಾರೆ. ಪಕ್ಕಪಕ್ಕ ಎರಡು ಉದ್ದನೆಯ ಒಡಲು, ಅವಕ್ಕೆ ಅಡ್ಡಲಾಗಿ ತೊಲೆಗಳು, ತೊಲೆಯ ಮೇಲೆ ಹಲಗೆಯ ಅಟ್ಟ. ತೊಲೆಗಳನ್ನು ಒಡಲಿಗೆ ಹಿಡಿದಿಟ್ಟಿರೋದು ಬೋಲ್ಟಲ್ಲ, ಬರೀ ಹಗ್ಗದ ಕಟ್ಟು. ಅಲೆಯ ಮೇಲೆ ಆ ಕಟ್ಟು ಒಂಚೂರು ಅಲ್ಲಾಡಿಕೊಡುತ್ತೆ, ಅದಕ್ಕೇ ತೊಲೆ ಮುರಿಯೋದಿಲ್ಲ. ಟಹೀಟಿಗೆ ಹೊರಟಿದ್ದರು. ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ, ಸುಮಾರು ಒಂದು ತಿಂಗಳ ದಾರಿ.

ನಾನು ಎಂದಿನಂತೆ ಕೆಲಸ ಮುಗಿಸಿದೆ. ಹಿಂಬದಿಯ ಕಟಕಟೆಗೆ ಈಪರ್ಬ್‌ನ ಬ್ರಾಕೆಟ್ ಕೂರಿಸಿ, ಹೈಡ್ರೋಸ್ಟ್ಯಾಟಿಕ್ ರಿಲೀಸ್ ಹಾಕಿ, ಎರಡು ವರ್ಷದ ತಾರೀಖನ್ನು ಲೇಬಲ್ ಮೇಲೆ ಗುರುತು ಮಾಡಿದೆ. ಕ್ಯಾಪ್ಟನ್ ಅರವತ್ತು ದಾಟಿದ ಹೆಂಗಸು. ಬಗ್ಗಿ ನೋಡಿದರು.

"ದೋಣಿ ಮಗುಚಿದರೆ ಇದು ಎಲ್ಲಿರುತ್ತೆ?"

"ನೀರಿನ ಒತ್ತಡಕ್ಕೆ ತಾನಾಗೇ ಬಿಚ್ಚಿಕೊಂಡು ಮೇಲೆ ಬರುತ್ತೆ."

"ಎಷ್ಟು ಆಳಕ್ಕೆ?"

"ಒಂದೂವರೆಯಿಂದ ನಾಲ್ಕು ಮೀಟರ್."

"ನಮ್ಮದು ಅಷ್ಟು ಕೆಳಗೆ ಹೋಗೋದಿಲ್ವಲ್ಲ."

ಬಾಯಿಗೆ ಮಾತೇ ಬರಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ದಿನಾ ಕೂರಿಸುವ ಆ ಸಾಮಾನು ಮುಳುಗುವ ಹಡಗಿಗೆ ಮಾಡಿದ್ದು. ವಅ ಮುಳುಗೋದಿಲ್ಲ. ಒಡಲೊಳಗೆ ನೀರು ದಾಟದ ಅಡ್ಡಗೋಡೆಗಳಿವೆ. ಮಗುಚಿದರೆ ಹೊಟ್ಟೆ ಮೇಲಾಗಿ ಹಾಗೇ ತೇಲುತ್ತೆ. ಯಾಟ್‌ಗಾದರೆ ಕೆಳಗೆ ಭಾರದ ಕೀಲ್ ಇರುತ್ತೆ, ಅದು ತಿರುಗಿಸಿ ನಿಲ್ಲಿಸುತ್ತೆ. ಇದಕ್ಕೆ ಅದಿಲ್ಲ. ಅಟ್ಟ, ಕಟಕಟೆ, ನನ್ನ ಹೊಸ ಬ್ರಾಕೆಟ್ ಎಲ್ಲ ಒಂದು ಮೀಟರ್ ಆಸುಪಾಸಿನಲ್ಲಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ರಿಲೀಸ್ ಕತ್ತರಿಸೋದಿಲ್ಲ. ಬ್ರಾಕೆಟ್ ಒಳಗಿದ್ದಷ್ಟು ಹೊತ್ತು ನೀರು ತಾಗಿದರೂ ಡಬ್ಬಿ ಆನ್ ಆಗೋದಿಲ್ಲ. ಒಂದು ವೇಳೆ ಆನ್ ಆದರೂ ನೀರಿನಡಿಯಿಂದ ಸಿಗ್ನಲ್ ಆಕಾಶಕ್ಕೆ ಹೋಗೋದಿಲ್ಲ. ನನ್ನ ಚೆಕ್‌ಲಿಸ್ಟ್‌ನಲ್ಲಿ ಮಾತ್ರ ಎಲ್ಲದಕ್ಕೂ ಟಿಕ್ ಬಿದ್ದಿತ್ತು!

ಅವರು ಸುಮ್ನೆ ಕೇಳಿದ್ದಲ್ಲ. 1978ರ ಮಾರ್ಚ್ 16ರ ಸಂಜೆ ಹೋಕುಲೇಅ ಅನ್ನುವ ವಅ ಇದೇ ಹೊನೊಲುಲುವಿನಿಂದ ಟಹೀಟಿಗೆ ಹೊರಟಿತ್ತು. ದಡದಲ್ಲಿ ಜನ, ಹಾರ, ಪ್ರಾರ್ಥನೆ. ಗಾಳಿ ಜೋರಾಗಿತ್ತು, ಜೊತೆಗೆ ಬೆಂಗಾವಲು ಬೋಟು ಇರಲಿಲ್ಲ. ಮಧ್ಯರಾತ್ರಿ ಹೊತ್ತಿಗೆ ಮೊಲೊಕಾಯಿ ಜಲಸಂಧಿಯಲ್ಲಿ ಮಗುಚಿತು. ಎಲ್ಲರೂ ರಾತ್ರಿಯಿಡೀ ಒಡಲಿಗೆ ಅಂಟಿಕೊಂಡಿದ್ದರು. ಬೆಳಗ್ಗೆ ಎಡ್ಡಿ ಐಕಾವ್ ಸರ್ಫ್‌ಬೋರ್ಡ್ ಹತ್ತಿ ಸಹಾಯ ತರುತ್ತೇನೆಂದು ಲಾನಾಯಿ ದ್ವೀಪದ ಕಡೆ ಹೊರಟರು. ವೈಮೇಆ ಕೊಲ್ಲಿಯ ದೊಡ್ಡ ಅಲೆಗಳಲ್ಲಿ ಎಷ್ಟೋ ಜನರನ್ನು ಬದುಕಿಸಿದ ಲೈಫ್‌ಗಾರ್ಡ್ ಅವರು. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ದಿನ ರಾತ್ರಿ ಹಾದುಹೋಗುತ್ತಿದ್ದ ಒಂದು ವಿಮಾನದವರಿಗೆ ದೋಣಿಯ ಫ್ಲೇರ್, ಅಂದರೆ ಅಪಾಯ ತಿಳಿಸುವ ಬೆಳಕು, ಕಂಡು ಉಳಿದವರು ಬದುಕಿದರು.

1980ರಲ್ಲಿ ನೈನೋವಾ ಥಾಂಪ್ಸನ್ ಅದೇ ದೋಣಿಯನ್ನು ನಕ್ಷತ್ರ ನೋಡಿಕೊಂಡೇ ಟಹೀಟಿಗೆ ಒಯ್ದು ವಾಪಸ್ ತಂದರು. ಆಗ ಹಿಂದೆ ಬೆಂಗಾವಲು ಬೋಟು ಇತ್ತು. ನಕ್ಷತ್ರದ ದಾರಿಯವರು ಹೊಸ ಸಲಕರಣೆ ಮುಟ್ಟೋದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅದು ಉಲ್ಟಾ. ದಾರಿ ಕಂಡುಹಿಡಿಯೋಕೆ ದಿಕ್ಸೂಚಿಯೂ ಬೇಡ ಅನ್ನುವವರು ಜೀವ ಉಳಿಸುವ ಸಾಮಾನಿನಲ್ಲಿ ಒಂದನ್ನೂ ಬಿಡೋದಿಲ್ಲ.

ಬ್ರಾಕೆಟ್ ಕಿತ್ತೆ. ನಾನು, ಕ್ಯಾಪ್ಟನ್, ಇಬ್ಬರು ಹುಡುಗರು ಸೇರಿ ಅರ್ಧ ದಿನ ದೋಣಿಯನ್ನು ಮನಸ್ಸಿನಲ್ಲೇ ತಲೆಕೆಳಗು ಮಾಡಿ ಕೂತೆವು. ಕೈಯಲ್ಲಿ ಬಿಚ್ಚುವ ಬ್ರಾಕೆಟ್ಟನ್ನು ಹಿಂಬದಿಯ ತುದಿಗೆ ಹಾಕಿದೆ. ದೋಣಿ ಹೇಗೇ ಬಿದ್ದಿರಲಿ, ಒಡಲಿನ ಮೇಲೆ ಕೂತವನು ಕೈ ಚಾಚಿದರೆ ಸಿಗಬೇಕು. ಫ್ಲೇರ್ ಚೀಲಕ್ಕೂ ರಾಫ್ಟಿಗೂ ಅದೇ ಲೆಕ್ಕ. ರಾಫ್ಟಿನ ಪಟ್ಟಿ ಕತ್ತರಿಸೋಕೆ ಒಂದು ಚಾಕು ತೊಲೆಯ ಮೇಲೆ, ಇನ್ನೊಂದು ಅದೇ ತೊಲೆಯ ಅಡಿಯಲ್ಲಿ. ಅಡಿಯಲ್ಲಿ ಕಟ್ಟಿದ ಚಾಕು ನೋಡಿದವರೆಲ್ಲ ನಗುತ್ತಿದ್ದರು.

ಒಂದು ದಿನ ಅವರ ಜೊತೆ ಸಮುದ್ರಕ್ಕೂ ಹೋಗಿದ್ದೆ. ಶೌಚಕ್ಕೆ ಅಟ್ಟದ ಅಂಚಿಗೆ ಹೋಗಬೇಕು. ಹಾರ್ನೆಸ್ ಹಾಕಿ, ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ, ಒಬ್ಬರಿಗೆ ಹೇಳಿ ಹೋಗಬೇಕು. ನಾಚಿಕೆಪಟ್ಟು ಹೇಳದೆ ಹೋದ ನನಗೆ ಎಲ್ಲರೆದುರು ಬೈಗುಳ ಸಿಕ್ಕಿತು. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಅಭ್ಯಾಸಕ್ಕೆ, ಮನುಷ್ಯ ಬಿದ್ದ ಅಂತ ಒಂದು ತೇಲುಗುಂಡು ಎಸೆದರು. ಹಾಯಿ ಕಟ್ಟಿ ನಿಲ್ಲಿಸೋ ಅಷ್ಟರಲ್ಲಿ ಅದು ಅಲೆಗಳ ಮಧ್ಯೆ ಕಾಣಿಸುತ್ತಲೇ ಇರಲಿಲ್ಲ. ಎಂಜಿನ್ ಇಲ್ಲ, ಗಾಳಿಗೆ ಎದುರಾಗಿ ಹಿಂದೆ ಬರೋಕೆ ಆಗೋದಿಲ್ಲ. ಒಬ್ಬ ಹುಡುಗ ಮಾತ್ರ ಬೇರೇನೂ ಮಾಡದೆ ಕೈ ಚಾಚಿ ಅದರ ಕಡೆ ತೋರಿಸುತ್ತಾ ನಿಂತಿದ್ದ. ಅವನಿಗೆ ಕೊಟ್ಟ ಕೆಲಸ ಅದೊಂದೇ. ಕೊನೆಗೆ ಅವನ ಬೆರಳು ನೋಡಿಕೊಂಡು ಬೆಂಗಾವಲು ಬೋಟಿನವರು ಹೋಗಿ ತಂದರು.

ನನ್ನ ಇನ್ನೊಂದು ಎಡವಟ್ಟು ಹೊರಡುವ ಮುಂಚೆ ಬಯಲಾಯ್ತು. ಈಪರ್ಬ್ ನೋಂದಣಿಯಲ್ಲಿ ತುರ್ತು ಸಂಪರ್ಕಕ್ಕೆ ಒಂದು ಫೋನ್ ನಂಬರ್ ಕೊಡಬೇಕು. ಸಿಗ್ನಲ್ ಬಂದರೆ ಕೋಸ್ಟ್ ಗಾರ್ಡ್‌ನವರು ಮೊದಲು ಆ ನಂಬರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ನಾನು ತುಂಬಿದ್ದು ಕ್ಯಾಪ್ಟನ್ನರ ಮೊಬೈಲ್ ನಂಬರು. ಅವರೇ ಸಮುದ್ರದಲ್ಲಿ! ಅದನ್ನು ತೆಗೆದು ದಡದಲ್ಲಿರುವ ಅವರ ತಂಗಿಯ ನಂಬರ್ ಹಾಕಿದೆ.

ಹೊರಡುವ ದಿನವನ್ನು ಅವರು ಯಾರಿಗೂ ಮೊದಲೇ ಹೇಳಿರಲಿಲ್ಲ. ದಡದಲ್ಲಿ ಹಾರ ಹಿಡಿದು ಜನ ನಿಂತರೆ ನಾಳೆ ಹೋಗೋಣ ಅನ್ನೋಕೆ ಬಾಯಿ ಬರೋದಿಲ್ಲ ಅನ್ನೋದು ಕ್ಯಾಪ್ಟನ್ನರ ಮಾತು. ಗಾಳಿಗೆ ಕಾಯುತ್ತಾ ಒಂಬತ್ತು ದಿನ ಕಟ್ಟಿಹಾಕಿಕೊಂಡೇ ಇದ್ದರು. ಹತ್ತನೇ ದಿನ ಬೆಳಗ್ಗೆ ತಂಗಿಯಿಂದ ನನಗೆ ಫೋನ್ ಬಂತು.

"ಈಗಷ್ಟೇ ಹೊರಟರು. ಇನ್ನೊಂದು ತಿಂಗಳು ರಾತ್ರಿ ಫೋನ್ ಸೈಲೆಂಟ್ ಮಾಡಬಾರದಾ ಹಾಗಾದರೆ?"

"ಮಾಡಬೇಡಿ," ಅಂದೆ.