ಚುಕ್ಕಿಗೆ ಮನೆ ಹುಡುಕಾಟ: ಎಲ್ಲಿಗೆ ಬಂತು

ಕಳೆದ ಸಲ ಬರೆದಾಗ, ಒಂಟಿಯಾದ ನನ್ನ ಪೋನಿ (ಗಿಡ್ಡ ತಳಿಯ ಕುದುರೆ) ಚುಕ್ಕಿಯನ್ನು ಬೇರೆ ಕಡೆ ಕಳಿಸುವುದೋ, ಇಲ್ಲಿಗೇ ಇನ್ನೊಂದು ಕುದುರೆ ತರುವುದೋ ತೀರ್ಮಾನವಾಗಿರಲಿಲ್ಲ. ಈಗ ಆಗಿದೆ: ಕಳಿಸುವುದೇ. ಜೊತೆಗಿದ್ದ ಮುದಿ ಕುದುರೆ ತೀರಿಕೊಂಡ ಮೇಲೆ ಅವಳು ಬೇಲಿಯುದ್ದಕ್ಕೂ ಓಡಾಡಿ ನೆಲದಲ್ಲಿ ಜಾಡು ಬಿದ್ದಿದೆ. ಹುಲ್ಲು ಹಾಕಿದರೆ ಎರಡು ಬಾಯಿ ತಿಂದು ತಲೆಯೆತ್ತಿ ಕೆನೆಯುತ್ತಿದ್ದಳು. ಆಡು ಕಟ್ಟಿ ನೋಡಿ ಎಂದವರೂ ಇದ್ದಾರೆ. ಏನೂ ಇಲ್ಲದ್ದಕ್ಕಿಂತ ವಾಸಿ, ನಿಜ. ಆದರೆ ತಲೆ-ಬಾಲ ಮಾಡಿ ನಿಂತು ಒಂದರ ಮುಖದ ನೊಣ ಇನ್ನೊಂದು ಓಡಿಸುವುದು, ಹೆಗಲ ಮೇಲೆ ಹಲ್ಲಿನಿಂದ ಕೆರೆದುಕೊಡುವುದು ಆಡಿನ ಕೈಲಾಗುವ ಕೆಲಸವಲ್ಲ. ಇನ್ನೊಂದೇ ಒಂದು ಕುದುರೆ ತಂದರೆ, ಎರಡರಲ್ಲಿ ಒಂದು ಹೋದ ದಿನ ಮತ್ತೆ ಇದೇ ಪಾಡು. ಆಗಲೇ ಗುಂಪು ಇರುವ ಜಾಗ ಬೇಕು.

ಜಾಹೀರಾತಿನ ಮೊದಲ ಸಾಲಿನಲ್ಲೇ ‘ಸವಾರಿಗೆ ಆಗುವುದಿಲ್ಲ, ಜೊತೆಗಾತಿಯಾಗಿ ಮಾತ್ರ’ ಎಂದು ಬರೆದೆ. ಆದರೂ ಫೋನ್ ಮಾಡಿದವರ ಮೊದಲ ಪ್ರಶ್ನೆ, ‘ಸಣ್ಣ ಮಕ್ಕಳನ್ನಾದರೂ ಕೂರಿಸಬಹುದಲ್ಲ?’ ಉಚಿತ ಅನ್ನುವ ಪದವನ್ನು ಬೇಕೆಂದೇ ಹಾಕಲಿಲ್ಲ. ಪುಕ್ಕಟೆ ಸಿಕ್ಕ ಪೋನಿಯನ್ನು ಮುಂದಿನ ವಾರವೇ ಮಾರಿ ದುಡ್ಡು ಮಾಡಿಕೊಳ್ಳುವವರು ಇದ್ದೇ ಇದ್ದಾರೆ.

ಎರಡನೇ ಜರಡಿ ಹುಲ್ಲಿನದು. ‘ನಮ್ಮಲ್ಲಿ ಹಸಿರೋ ಹಸಿರು, ಹೊಟ್ಟೆ ತುಂಬ ಮೇಯಲಿ ಬಿಡಿ’ ಎಂದವರಿಗೆಲ್ಲ ನಾನು ಇಲ್ಲ ಅಂದೆ. ಪ್ರೀತಿಯಿಂದಲೇ ಹೇಳಿದ್ದು, ಅನುಮಾನವಿಲ್ಲ. ಚುಕ್ಕಿಗೆ ಆ ಪ್ರೀತಿಯೇ ಆಪತ್ತು. ಅವಳು ನನ್ನ ಬಳಿ ಬಂದದ್ದೇ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ನೋವಿನ ಕಾಯಿಲೆ, ಆದ ಕಾಲಿನೊಂದಿಗೆ. ಪೋನಿಗಳ ಮೈ ಬಡ ಮೇವಿಗೆ ಹೊಂದಿಕೊಂಡದ್ದು. ಹಸಿ ಹುಲ್ಲಿನ ಸಕ್ಕರೆ ಹೆಚ್ಚಾದರೆ ಇಂಥವಕ್ಕೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟ ಪದರ ಸಡಿಲಾಗುತ್ತದೆ. ಮಿತಿಮೀರಿದರೆ ಮೂಳೆಯೇ ತಿರುಗಿ ಅಂಗಾಲಿನತ್ತ ಇಳಿಯುತ್ತದೆ. ಹಾಗಂತ ಉಪವಾಸ ಕೆಡವುವಂತೆಯೂ ಇಲ್ಲ. ದಪ್ಪ ಪೋನಿ ಒಮ್ಮೆಲೇ ಮೇವು ಬಿಟ್ಟರೆ ಮೈಯ ಕೊಬ್ಬೆಲ್ಲ ರಕ್ತಕ್ಕಿಳಿದು ಯಕೃತ್ತು ಕೆಟ್ಟು ಸಾಯಬಹುದು; ಜಾಗ ಬದಲಾದ ಗಾಬರಿಯಲ್ಲಿ ಆ ಭಯ ಇನ್ನೂ ಜಾಸ್ತಿ. ದಿನಕ್ಕೆ ಮೈತೂಕದ 1.5 ಶೇಕಡಾ ಒಣಮೇವು ನನ್ನ ಲೆಕ್ಕ. 200 ಕಿಲೋ ತೂಗುವ ಚುಕ್ಕಿಗೆ 3 ಕಿಲೋ ಒಣಹುಲ್ಲು. ತೂಕ ಮಾಡಿ ಆಮೇಲೆ ನೀರಲ್ಲಿ ನೆನೆಸಿದರೆ ಸಕ್ಕರೆ ಒಂದಷ್ಟು ಕರಗಿ ಹೋಗುತ್ತದೆ. ಇದನ್ನು ಕೇಳಿ ‘ಅಯ್ಯೋ ಪಾಪ, ಇಷ್ಟೇನಾ’ ಅಂದವರ ಜೊತೆ ಮಾತು ಮುಂದುವರಿಸಲಿಲ್ಲ.

ಹೋಗಿ ನೋಡಿದ್ದರಲ್ಲಿ ಒಂದು ಜಾಗ ಚಿತ್ರದಲ್ಲಿ ಬರೆದ ಹಾಗಿತ್ತು. ಬಿಳಿ ಬೇಲಿ, ಮೊಣಕಾಲುದ್ದ ಹುಲ್ಲು. ಅಲ್ಲಿದ್ದ ಪೋನಿಗಳ ಅಯಾಲಿನ ಬುಡದಲ್ಲಿ ಕೊಬ್ಬು ಗಟ್ಟಿಯಾಗಿ, ಹಿಡಿದರೆ ಅಲ್ಲಾಡುತ್ತಿರಲಿಲ್ಲ. ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಬಂದೆ.

ಒಪ್ಪಿಗೆಯಾದ ಜಾಗ ನೋಡಲು ಏನೂ ಚೆಂದವಿಲ್ಲ. ಹುಲ್ಲು ಬೋಳಾದ ಅಂಗಳ, ದೂರದೂರಕ್ಕೆ ಕಟ್ಟಿದ ಹುಲ್ಲಿನ ಬಲೆಗಳು, ಗೂಟಕ್ಕೆ ನೇತುಹಾಕಿದ ಬಾಯಿಕುಕ್ಕೆಗಳು. ಒಂದು ಮುದಿ ಹೆಣ್ಣುಕುದುರೆ, ಬೀಜ ತೆಗೆಸಿದ ಒಂದು ಗಂಡು ಪೋನಿ. ಆ ಜಾಗದ ಒಡತಿ ಚುಕ್ಕಿಯನ್ನು ನೋಡಲು ನಮ್ಮಲ್ಲಿಗೆ ಬಂದಾಗ ಮುಖ ಸವರುವ ಮೊದಲೇ ಕೂತು, ಮುಂಗಾಲಿನ ಗೊರಸಿನ ಮೇಲಿನ ಗಂಟಿನ ಹಿಂದೆ ಎರಡು ಬೆರಳಿಟ್ಟು ನಾಡಿ ನೋಡಿದರು. ಆಮೇಲೆ ಅಂಗೈಯಿಂದ ಗೊರಸು ಬಿಸಿ ಇದೆಯಾ ಅಂತ ಮುಟ್ಟಿದರು. ನನ್ನ ಪ್ರಶ್ನೆಪಟ್ಟಿ ಜೇಬಲ್ಲೇ ಉಳಿಯಿತು. (ಆದರೂ ಅವರ ಪಶುವೈದ್ಯರಿಗೆ ಫೋನ್ ಮಾಡಿ ವಿಚಾರಿಸಿದೆ. ಅದನ್ನು ಬಿಡಬಾರದು.)

ಕರಾರು ಇನ್ನೂ ಕರಡು. ಮಾರುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಸಾಕಲು ಆಗದಿದ್ದರೆ ಮೊದಲು ನನಗೇ ವಾಪಸ್. ಇವು ಸುಲಭ. ಕೊನೆಗಾಲದ ನಿರ್ಧಾರ ಯಾರದ್ದು ಅನ್ನುವ ಮಾತನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಚುಕ್ಕಿಗೆ 20 ದಾಟಿದೆ, ಪೋನಿಗಳು 30ರ ತನಕ ಬದುಕುವುದುಂಟು. ನರಳುತ್ತಿದ್ದಾಳೆ ಎಂದು ವೈದ್ಯರು ಹೇಳಿದರೆ ನನ್ನ ಅನುಮತಿಗೆ ಕಾಯದೆ ಅಲ್ಲೇ ತೀರ್ಮಾನಿಸಬಹುದು ಎಂದು ಬರೆದಿದ್ದೇನೆ.

ಸದ್ಯ ಚುಕ್ಕಿ ಅಲ್ಲೇ, ಹೊಂದಿಕೊಳ್ಳುತ್ತಾಳೋ ನೋಡೋಣವೆಂದು ಹೋಗಿದ್ದಾಳೆ. ಲದ್ದಿಯಲ್ಲಿ ಜಂತುಹುಳುವಿನ ಮೊಟ್ಟೆ ಎಣಿಸಿದ್ದಾಯಿತು. ಮೊದಲು ಯಾವುದಾದರೂ ಅಂಟುರೋಗ ಇದ್ದರೆ ಹೊರಬೀಳಲಿ ಎಂದು ದೂರದಲ್ಲಿ ಕಟ್ಟಿದ್ದರು, ಈಗ ಬೇಲಿಯ ಆಚೆ-ಈಚೆ ಬಿಟ್ಟಿದ್ದಾರೆ. ಇಲ್ಲಿಂದ ಕಳಿಸಿದ ಒಣಹುಲ್ಲಿಗೆ ದಿನದಿನಕ್ಕೂ ಅಲ್ಲಿಯದನ್ನು ಸ್ವಲ್ಪ ಹೆಚ್ಚು ಬೆರೆಸಿ ಬದಲಾಯಿಸಿದರು. ಮುದಿ ಹೆಣ್ಣುಕುದುರೆ ಮೂಗಿಗೆ ಮೂಗು ತಾಗಿಸಿ, ಕಿರುಚಿ, ಮುಂಗಾಲು ಬಡಿದಿದೆಯಂತೆ. ಅದು ಪರಿಚಯದ ರೀತಿ, ಗಾಬರಿಯಿಲ್ಲ.

ಬಾಕಿ ಇರುವುದು ಎರಡು. ಗೊರಸು ಹೆರೆಸುವ ಸರದಿ ಹತ್ತಿರ ಬಂದಿದೆ, 6ರಿಂದ 8 ವಾರಕ್ಕೊಮ್ಮೆ ತಪ್ಪುವಂತಿಲ್ಲ. ಇನ್ನೊಂದು, ಈ ಸಲ ಅವಳ ಹಳೆಯ ಕೂದಲು ಸರಿಯಾಗಿ ಉದುರಿಲ್ಲ. ವಯಸ್ಸಾದ ಕುದುರೆಗಳಿಗೆ ಬರುವ ಕುಶಿಂಗ್ಸ್ ಎಂಬ ಹಾರ್ಮೋನಿನ ಕಾಯಿಲೆ ಇರಬಹುದೇ ಎಂದು ಅವಳ ರಕ್ತ ಪರೀಕ್ಷೆಗೆ ಕೊಟ್ಟಿದ್ದೇವೆ. ಇದೆ ಅಂತಾದರೆ ಬದುಕಿರುವವರೆಗೂ ದಿನಾ ಪರ್ಗೊಲೈಡ್ ಮಾತ್ರೆ. ರಿಪೋರ್ಟ್ ಬಂದ ಮೇಲೆ ಅದರ ಖರ್ಚು ಯಾರದ್ದು ಅನ್ನುವ ಸಾಲು ತುಂಬಿಸಿ ಸಹಿ ಹಾಕುತ್ತೇವೆ.