ಬೆಳಕಿಗೆ ಹಿಡಿದ ಜಾಬ್

ಐಟಿಐ ಫಿಟ್ಟರ್ ವಿಭಾಗದಲ್ಲಿ ಎರಡು ವರ್ಷ ಕಳೆದವರಿಗೆ ‘ಬೆಳಕಿಗೆ ಹಿಡಿ’ ಅಂದರೆ ಏನೆಂದು ಹೇಳಬೇಕಿಲ್ಲ. ಜಾಬ್, ಅಂದರೆ ನಾವು ಉಜ್ಜಿ ರೂಪಿಸುವ ಲೋಹದ ತುಂಡು, ಕೈಗೆ ಬಂದೊಡನೆ ನಮ್ಮ ಇನ್‌ಸ್ಟ್ರಕ್ಟರ್ ಕಿಟಕಿಯ ಕಡೆ ತಿರುಗುತ್ತಿದ್ದರು. ಫೈಲಿನಿಂದ (ಅರದಿಂದ) ಉಜ್ಜಿದ ಮೈಯ ಮೇಲೆ, ಮೂಲೆ ನೇರವಿದೆಯೇ ನೋಡುವ ಮೂಲೆಮಟ್ಟವಾದ ಟ್ರೈ ಸ್ಕ್ವೇರಿನ ಅಲಗನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವರು. ಎರಡೂ ಅಂಚಿನಲ್ಲಿ ಬೆಳಕು, ನಡುವೆ ಇಲ್ಲ. “ಹೊಟ್ಟೆ ಬಂದಿದೆ ನೋಡಪ್ಪ. ಫೈಲು ತೂಗಾಡ್ತಿದೆ” ಎಂದು ಉಬ್ಬಿದ ಕಡೆ ಸೀಮೆಸುಣ್ಣದ ಗುರುತು ಹಾಕಿ ವಾಪಸ್ ಕೊಡುವರು.

ತಪ್ಪು ಎಲ್ಲಿದೆ, ಯಾಕೆ ಬಂತು, ಎರಡೂ ಆ ಮಾತಿನಲ್ಲೇ ಇದ್ದವು. ಫೈಲು ಮುಂದೆ ಹೋಗುವಾಗ ಎರಡೂ ಕೈಯ ಒತ್ತಡ ಒಂದೇ ಸಮ ಇದ್ದರೆ ಮೊದಲಿಗೆ ಹಿಡಿಯ ಕಡೆ ತಗ್ಗುತ್ತದೆ, ಕೊನೆಗೆ ತುದಿಯ ಕಡೆ ತಗ್ಗುತ್ತದೆ. ಅಂಚುಗಳು ಸವೆದು ನಡು ಉಳಿಯುತ್ತದೆ. ಶುರುವಿನಲ್ಲಿ ತುದಿ ಹಿಡಿದ ಎಡಗೈ ಹೆಚ್ಚು ಒತ್ತಬೇಕು, ನಡುವೆ ಎರಡೂ ಸಮ, ಕೊನೆಯಲ್ಲಿ ಬಲಗೈ. ಹಿಂದಕ್ಕೆ ಎಳೆಯುವಾಗ ಒತ್ತಲೇಬಾರದು. ಹಲ್ಲು ಕತ್ತರಿಸುವುದು ಮುಂದಕ್ಕೆ ಮಾತ್ರ, ಹಿಂದಕ್ಕೆ ತಿಕ್ಕಿದರೆ ಮೊಂಡಾಗುತ್ತದೆ. ಜಾಬನ್ನು ಬಿಗಿಹಿಡಿಯುವ ವೈಸಿನ ದವಡೆ ಮೊಣಕೈ ಎತ್ತರಕ್ಕಿಲ್ಲದಿದ್ದರೆ ಇದ್ಯಾವುದೂ ಕೈಗೆ ಹತ್ತುವುದಿಲ್ಲ. ಆದ್ದರಿಂದಲೇ ಕುಳ್ಳಗಿದ್ದವರ ಕಾಲ ಕೆಳಗೆ ಹಲಗೆ ಹಾಕಿಸಿದ ಮೇಲಷ್ಟೇ ಅವರ ಬೈಗುಳ ಶುರುವಾಗುತ್ತಿತ್ತು.

ಅವರು ಅತಿ ಕಟುವಾಗಿರುತ್ತಿದ್ದುದು ಮೊದಲ ಎರಡು ಮೈಗಳ ವಿಷಯದಲ್ಲಿ. 50 ಮಿ.ಮೀ. ಚೌಕದ ಎಂ.ಎಸ್. (ಮೈಲ್ಡ್ ಸ್ಟೀಲ್) ಜಾಬಿನಲ್ಲಿ ಒಂದು ಮೈ ಸಮವಾಗಬೇಕು, ಪಕ್ಕದ ಮೈ ಅದಕ್ಕೆ 90 ಡಿಗ್ರಿ ನಿಲ್ಲಬೇಕು. ಮುಂದಿನ ಅಳತೆಯೆಲ್ಲ ಇವೆರಡರಿಂದಲೇ. ಇವು ಪಾಸಾಗದೆ ಮೈಲುತುತ್ತದ ದ್ರಾವಣ ಬಳಿದು ಮಾರ್ಕಿಂಗ್ ಮಾಡಲು, ಅಂದರೆ ಅಳತೆಯ ಗೆರೆ ಎಳೆಯಲು, ಅವರು ಬಿಡುತ್ತಿರಲಿಲ್ಲ. ಆಗ ಅದು ಹಿಂಸೆ ಅನಿಸುತ್ತಿತ್ತು. ಆದರೆ ಮೊದಲ ಮೈಯ ಓರೆಯನ್ನು ನಾಲ್ಕನೆಯ ಮೈ ಮುಗಿದ ಮೇಲೆ ಹೇಳಿದರೆ ಜಾಬ್ ಗುಜರಿಗೆ ಹೋಗುತ್ತದೆ, ಹುಡುಗ ಮತ್ತೆ ಮೊದಲಿನಿಂದ ತಿಕ್ಕಬೇಕು.

ಅಳತೆಯಲ್ಲೂ ಹಾಗೆಯೇ. ಅಳತೆಯ ಉಪಕರಣ ವರ್ನಿಯರಿನಲ್ಲಿ 50.10 ಬಂತೆಂದು ಇನ್ನಷ್ಟು ಉಜ್ಜಿ, ಆಮೇಲೆ ನೋಡಿದರೆ 49.90. ಅಂಚಿನಲ್ಲಿ ಎದ್ದ ಬರ್ (ಉಜ್ಜುವಾಗ ಏಳುವ ಲೋಹದ ಸಿಬಿರು) ತೆಗೆಯದೆ ಅಳೆದದ್ದೇ ಕಾರಣ. ±0.04 ಮಿ.ಮೀ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲ ದಪ್ಪದಷ್ಟೇ ಅವಕಾಶ. “ಅಳೆಯೋಕೆ ಮುಂಚೆ ಅಂಚಿಗೆ ಸ್ಮೂತ್ ಫೈಲ್ ಹೊಡೆದೆಯಾ?” ಎಂಬುದು ಅವರ ಖಾಯಂ ಪ್ರಶ್ನೆ. ಮೈಮೇಲೆ ಆಳದ ಗೀರು ಕಂಡರೆ ಜಾಬ್ ಬಿಟ್ಟು ಫೈಲನ್ನೇ ಕೇಳುತ್ತಿದ್ದರು: ಹಲ್ಲಿನಲ್ಲಿ ಪುಡಿ ಸಿಕ್ಕಿಕೊಂಡಿರುತ್ತಿತ್ತು. ಹಲ್ಲಿನ ಸಾಲಿನ ದಿಕ್ಕಿನಲ್ಲಿ ತಂತಿ ಬ್ರಷ್ ಎಳೆದು ಸೀಮೆಸುಣ್ಣ ಸವರಿದರೆ ಮತ್ತೆ ಬೇಗ ಕಟ್ಟುವುದಿಲ್ಲ. ಉಜ್ಜಿದ ಮೈಯನ್ನು ಅಂಗೈಯಿಂದ ಸವರಿದವನಿಗೂ ಬೈಗುಳ ತಪ್ಪದು. ಕೈಯ ಜಿಡ್ಡು ತಾಗಿದಲ್ಲಿ ಫೈಲು ಜಾರುತ್ತದೆ.

ಬೈಯುವವರೆಲ್ಲ ಇಂಥವರಲ್ಲ. “ನಿನ್ನ ಕೈಲಾಗಲ್ಲ” ಅನ್ನುವುದಕ್ಕೆ ಟ್ರೈ ಸ್ಕ್ವೇರ್ ಬೇಕಿಲ್ಲ, ಕೇಳಿದವನಿಗೆ ತಿದ್ದಲು ಏನೂ ಸಿಗುವುದೂ ಇಲ್ಲ. “ಪರವಾಗಿಲ್ಲ, ನಡೆಯುತ್ತೆ” ಅನ್ನುವವರು ನಮಗೆ ಆಗ ಇಷ್ಟವಾಗುತ್ತಿದ್ದರು. ಅವರು ನಡೆಯುತ್ತೆ ಎಂದ ಜಾಬು ಐಟಿಐ ಪರೀಕ್ಷೆಯಾದ ಟ್ರೇಡ್ ಟೆಸ್ಟಿನಲ್ಲಿ ನಡೆಯುತ್ತಿರಲಿಲ್ಲ. ಒಂದು ತುಂಡು ಇನ್ನೊಂದರ ಒಳಗೆ ಕೂರುವ ಗಂಡು-ಹೆಣ್ಣು ಫಿಟ್ಟಿಂಗಿನಲ್ಲಿ ತುಂಡು ಒಂದು ದಿಕ್ಕಿಗೆ ಕೂತು, ತಿರುಗಿಸಿ ಹಾಕಿದರೆ ಸಿಕ್ಕಿಕೊಳ್ಳುತ್ತಿತ್ತು.

ನಮ್ಮ ಇನ್‌ಸ್ಟ್ರಕ್ಟರ್ ಬಗ್ಗೆ ಒಂದು ತಕರಾರು ಮಾತ್ರ ಉಳಿದಿದೆ. ಸರಿ ಬಂದ ಮೈಯನ್ನು ಅವರು ಮಾತಿಲ್ಲದೆ ಬೆಂಚಿನ ಮೇಲೆ ಇಟ್ಟುಬಿಡುತ್ತಿದ್ದರು. ಯಾವ ಹಿಡಿತದಿಂದ ಅದು ಸರಿ ಬಂತು ಎಂದೂ ಹೇಳಿದ್ದರೆ ಮುಂದಿನ ಮೈಗೆ ಅದೇ ಹಿಡಿತ ಉಳಿಸಿಕೊಳ್ಳಬಹುದಿತ್ತು. ಈಗ ವರ್ಕ್‌ಶಾಪಿನಲ್ಲಿರುವವರು ಅದನ್ನು ಬಾಯಿಬಿಟ್ಟು ಕೇಳಬೇಕು.